ತುರ್ಕಿಯ ಒಂದು ಪ್ರಣಯಗೀತೆ: ಅದರ ನಾದ, ನುಡಿ ಮತ್ತು ಚಾರಿತ್ರಿಕ ಹಿನ್ನೆಲೆ

ಚರಿತ್ರೆಯ ವಿದ್ಯಾರ್ಥಿಗಳಿಗೆ ತುರ್ಕಿ ದೇಶದ ಪರಿಚಯವು ಸಾಮಾನ್ಯವಾಗಿ ಯುದ್ಧಗಳ ಮತ್ತು ಕೌಲುಗಳ ಮೂಲಕವೇ ಆಗುತ್ತದೆ. 1453ರ ಕಾನ್‌ಸ್ಟಾಂಟಿನೋಪಲ್ ಪತನ, 1683ರ ವಿಯೆನ್ನಾ ಮುತ್ತಿಗೆ, 1923ರ ಲೊಸಾನ್ ಕೌಲು, ಮರುವರ್ಷವೇ ಖಲೀಫ ಪದವಿಯ ರದ್ದಿಯಾತಿ, ಅದರಿಂದ ನಮ್ಮ ದೇಶದ ಖಿಲಾಫತ್ ಚಳವಳಿಯು ಆಧಾರ ತಪ್ಪಿ ನಿಂತುದು: ಇಷ್ಟನ್ನು ಹೇಳಿ ನಮ್ಮ ಪಠ್ಯಪುಸ್ತಕಗಳು ಆ ದೇಶದ ಬಾಗಿಲನ್ನು ಮುಚ್ಚಿಬಿಡುತ್ತವೆ. ಕೆಮಾಲ್ ಪಾಷಾ ಅವರ ಸುಧಾರಣೆಗಳ ಕೆಳಗೆ ಬದುಕಿದ ಜನರು ಏನನ್ನು ಹಾಡಿದರು, ಯಾವುದನ್ನು ಕೇಳಿ ನಕ್ಕರು ಎಂಬ ಪ್ರಶ್ನೆ ಪರೀಕ್ಷೆಯ ಪತ್ರಿಕೆಗಳಲ್ಲಿ ಬರುವಂಥದಲ್ಲ. ಆದರೂ ರಾಜ್ಯಶಕ್ತಿಯು ಜನಜೀವನದೊಳಗೆ ಎಷ್ಟು ದೂರ ಇಳಿಯಿತು, ಎಲ್ಲಿ ನಿಂತಿತು ಎಂಬುದನ್ನು ಅಳೆಯಬೇಕಾದರೆ ಶಾಸನಸಭೆಯ ನಡವಳಿಗಳಷ್ಟೇ ಬೀದಿಯ ಹಾಡೂ ಸಾಕ್ಷ್ಯವಾಗಬಲ್ಲುದೆಂದು ನಾವು ಭಾವಿಸುತ್ತೇವೆ. ಈ ಲೇಖನದಲ್ಲಿ ಅಂಥ ಒಂದು ಹಾಡನ್ನು ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಆ ಹಾಡಿನ ಹೆಸರು 'ಶಿಮಾರಿಕ್'. ಮುದ್ದಿನಿಂದ ಕೆಟ್ಟವಳು, ತಲೆಯ ಮೇಲೆ ಕೂರಿಸಿಕೊಂಡುದರಿಂದ ಮಿತಿಮೀರಿದವಳು ಎಂದು ಅದರ ಅರ್ಥ. ಈ ಪದದ ಮೊದಲ ಮತ್ತು ಕೊನೆಯ ಸ್ವರಗಳು ನಮ್ಮ 'ಇ'ಕಾರಗಳಲ್ಲ. ತುಟಿಗಳನ್ನು ದುಂಡಾಗಿಸದೆ ನಾಲಗೆಯನ್ನು ಹಿಂದಕ್ಕೆ ಸೆಳೆದು ಉಚ್ಚರಿಸುವ ಈ ಸ್ವರಕ್ಕೆ ಕನ್ನಡದಲ್ಲಿ ಲಿಪಿಯಿಲ್ಲವಾದ ಕಾರಣ 'ಇ'ಕಾರದಿಂದಲೇ ಸೂಚಿಸಿದ್ದೇವೆ. ಗೀತೆಯ ಮಾತೂ ರಾಗವೂ ಸೆಝೆನ್ ಆಕ್ಸು ಎಂಬ ಪ್ರಸಿದ್ಧ ಗಾಯಕಿಯವು, ವಾದ್ಯಸಂಯೋಜನೆ ಓಝಾನ್ ಚೋಲಾಕೋಲು ಅವರದು, ಹಾಡಿದವರು ತರ್ಕಾನ್. 1997ರಲ್ಲಿ ಹೊರಬಂದ 'ಓಲ್ಯುರ್ಯುಮ್ ಸಾನಾ', ಎಂದರೆ 'ನಿನಗಾಗಿ ಸಾಯುತ್ತೇನೆ', ಎಂಬ ಗೀತಸಂಪುಟದಲ್ಲಿ ಇದು ಸೇರಿದೆ. ಒಂದೆರಡು ವರ್ಷಗಳಲ್ಲಿಯೇ ಫ್ರಾನ್ಸ್, ಬೆಲ್ಜಿಯಂ, ಜರ್ಮನಿಗಳಲ್ಲಿ ತುರ್ಕಿ ಭಾಷೆಯ ಒಂದಕ್ಷರವೂ ಬಾರದ ಜನರು ಇದಕ್ಕೆ ಹೆಜ್ಜೆ ಹಾಕಿದರು. ಪಲ್ಲವಿಯ ಕೊನೆಯಲ್ಲಿ ಗಾಯಕನು ತುಟಿಗಳಿಂದ ಎರಡು ಸಲ ಮುತ್ತಿಕ್ಕುವ ಸದ್ದು ಮಾಡುತ್ತಾನೆ. ಹಾಡಿನ ಖ್ಯಾತಿಯು ಬಹುಮಟ್ಟಿಗೆ ಆ ಸದ್ದಿನದು. ಇದಿಷ್ಟೇ ಆಗಿದ್ದರೆ ಚರಿತ್ರಕಾರನಿಗೆ ಇಲ್ಲಿ ಕೆಲಸವಿರಲಿಲ್ಲ.

ತುರ್ಕಿಯ ಗಣರಾಜ್ಯವು ಸಂಗೀತದ ವಿಷಯದಲ್ಲಿ ತಟಸ್ಥವಾಗಿದ್ದುದಿಲ್ಲ. ಅರಮನೆಯಲ್ಲಿಯೂ ದರವೇಶಿಗಳ ಮಠಗಳಲ್ಲಿಯೂ ಬೆಳೆದ ಮಕಾಮ್ ಸಂಗೀತವು ಹಳೆಯ ಸಾಮ್ರಾಜ್ಯದ ಅವಶೇಷವೆಂದೂ, ಅನಾತೋಲಿಯದ ಹಳ್ಳಿಗಳ ಹಾಡನ್ನು ಯೂರೋಪಿನ ಸ್ವರಮೇಳದ ಪದ್ಧತಿಯಲ್ಲಿ ಸಂಸ್ಕರಿಸಿದರೆ ರಾಷ್ಟ್ರೀಯ ಸಂಗೀತವು ಹುಟ್ಟುವುದೆಂದೂ ಹೊಸ ರಾಜ್ಯದ ಚಿಂತಕರು ನಂಬಿದ್ದರು. 1926ರಲ್ಲಿ ಇಸ್ತಾಂಬುಲ್ಲಿನ ಸಂಗೀತಶಾಲೆಯಲ್ಲಿ ಪೌರಸ್ತ್ಯ ಸಂಗೀತದ ಬೋಧನೆಯನ್ನು ನಿಲ್ಲಿಸಲಾಯಿತು. 1934ರ ನವೆಂಬರ್ 1ರಂದು ಅತಾತುರ್ಕರು ಶಾಸನಸಭೆಯಲ್ಲಿ ಮಾಡಿದ ಭಾಷಣದಲ್ಲಿ ಸಂಗೀತದ ಬದಲಾವಣೆಯನ್ನೇ ರಾಷ್ಟ್ರದ ಬದಲಾವಣೆಯ ಅಳತೆಗೋಲಾಗಿ ಎತ್ತಿ ಹೇಳಿದರು. ಅದರ ಬೆನ್ನಿಗೇ ಒಳಾಡಳಿತ ಸಚಿವಾಲಯವು ಬಾನುಲಿಯಲ್ಲಿ ಹಳೆಯ ಸಂಗೀತದ ಪ್ರಸಾರವನ್ನು ನಿಷೇಧಿಸಿತು. ಸುಮಾರು 20 ತಿಂಗಳ ಕಾಲ ಈ ನಿಷೇಧವು ಜಾರಿಯಲ್ಲಿತ್ತು. ಶ್ರೋತೃಗಳು ಮಾಡಿದುದೇನು? ರೇಡಿಯೊದ ತಿರುಗುಣಿಯನ್ನು ಕೈರೋ ಕಡೆಗೆ ತಿರುಗಿಸಿದರು. ಆಳುವವರು ಒಂದು ಬಾಗಿಲನ್ನು ಮುಚ್ಚಿದರೆ ಕಿವಿಯು ಇನ್ನೊಂದು ಕಿಂಡಿಯನ್ನು ಹುಡುಕಿಕೊಳ್ಳುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಇಪ್ಪತ್ತನೆಯ ಶತಮಾನದ ಚರಿತ್ರೆಯಲ್ಲಿ ವಿರಳವೆಂದೇ ನಮ್ಮ ಅಭಿಪ್ರಾಯ. ಈಜಿಪ್ತಿನ ಚಲಚ್ಚಿತ್ರಗಳು ಬಂದವು. ಅವುಗಳೊಡನೆ ಮೊಹಮ್ಮದ್ ಅಬ್ದುಲ್ ವಹಾಬರ ಕಂಠವೂ ಬಂದಿತು. ಅನಂತರ ಅರಬ್ಬಿ ಮಾತಿನ ಹಾಡುಗಳಿಗೂ ತಡೆ ಬಿದ್ದಾಗ, ಸಾದೆತ್ತಿನ್ ಕೈನಾಕ್ ಮೊದಲಾದವರು ಆ ಚಿತ್ರಗಳಿಗೆ ತುರ್ಕಿ ಹಾಡುಗಳನ್ನು ಕಟ್ಟಿಕೊಟ್ಟರು. 1950ರ ದಶಕದಲ್ಲಿ ನಮ್ಮ ರಾಜ್ ಕಪೂರರ 'ಆವಾರಾ' ಚಿತ್ರವೂ ಅಲ್ಲಿ 'ಅವಾರೆ' ಎಂಬ ಹೆಸರಿನಿಂದ ಜನರನ್ನು ಮರುಳುಮಾಡಿತು. ಹೆಸರನ್ನು ಅನುವಾದಿಸುವ ತೊಂದರೆಯೂ ಅವರಿಗೆ ಬರಲಿಲ್ಲ. ಪಾರಸಿಯ ಆ ಪದವು ಎರಡು ದೇಶಗಳಲ್ಲಿಯೂ ಬಳಕೆಯಲ್ಲಿತ್ತು.

ಪಾಶ್ಚಾತ್ಯ ಮಾರ್ಗದ ಪ್ರಣಯಗೀತೆಯು ಮೊದಲು ಟ್ಯಾಂಗೋ ರೂಪದಲ್ಲಿ ಬಂದಿತು. ನೆಜಿಪ್ ಜೆಲಾಲರು ರಚಿಸಿ ಸೆಯ್ಯಾನ್ ಹಾನಿಮ್ ಹಾಡಿದ 'ಮಾಝಿ', ಎಂದರೆ 'ಗತಕಾಲ', ಎಂಬುದು ಅವುಗಳಲ್ಲಿ ಮೊದಲನೆಯದೆಂದು ಹೆಸರಾಗಿದೆ. ಗತಕಾಲವನ್ನು ತೊರೆಯಬೇಕೆಂದು ಸರ್ಕಾರವು ಸಾರುತ್ತಿದ್ದ ದಿನಗಳಲ್ಲಿ ಹೊಸ ಮಾದರಿಯ ಗೀತೆಯೊಂದು ಗತಕಾಲದ ಗಾಯವನ್ನೇ ಹಾಡಿಕೊಂಡುದು, ಅದೂ ಅರಬ್ಬಿಯಿಂದ ಬಂದ ಪದವನ್ನು ಶೀರ್ಷಿಕೆಯಾಗಿಟ್ಟುಕೊಂಡು, ಗಮನಾರ್ಹವಾದುದು.

ಆದರೆ ತುರ್ಕಿಯ ಜನಪ್ರಿಯ ಲಘುಗೀತೆಯ ಹುಟ್ಟಿದ ವರ್ಷವೆಂದು ಸಾಮಾನ್ಯವಾಗಿ ಎಣಿಸುವುದು 1961ನ್ನು. ಆ ವರ್ಷ ಇಲ್‌ಹಾಮ್ ಗೆಂಜೆರ್ ಹಾಡಿದ 'ಬಾಕ್ ಬಿರ್ ವಾರ್‌ಮಿಶ್ ಬಿರ್ ಯೋಕ್‌ಮುಶ್' ಎಂಬ ಗೀತೆಯು ಹೊರಬಂದಿತು. ರಾಗವು ಈಜಿಪ್ತಿನಲ್ಲಿ ಹುಟ್ಟಿ ಯೂರೋಪಿನಲ್ಲಿ ಹೆಸರು ಗಳಿಸಿದ ಬಾಬ್ ಅಝ್ಝಾಮ್ ಅವರ ಒಂದು ಫ್ರೆಂಚ್ ಹಾಡಿನದು. ಮಾತು ಫೆಜ್ರಿ ಎಬ್ಜಿಯೋಲು ಅವರದು. ಪರರಾಗಕ್ಕೆ ಸ್ವಭಾಷೆಯ ಮಾತನ್ನು ಕೂರಿಸುವ ಈ ಕ್ರಮಕ್ಕೆ 'ಅರಾಂಜ್ಮಾನ್' ಎಂದು ಹೆಸರಾಯಿತು. ಮುಂದಿನ ಹತ್ತು ಹನ್ನೆರಡು ವರ್ಷಗಳ ಕಾಲ ಇಸ್ತಾಂಬುಲ್ಲಿನ ಧ್ವನಿಮುದ್ರಿಕೆಗಳಲ್ಲಿ ಬಹುಭಾಗವು ಇದೇ ಬಗೆಯದು. ಶೀರ್ಷಿಕೆಯು ಹೊಸದೇನೂ ಅಲ್ಲ. ತುರ್ಕಿಯ ಅಜ್ಜಿಯರು ಕಥೆಯನ್ನು ಆರಂಭಿಸುವ ವಾಡಿಕೆಯ ಮಾತೇ ಅದು: ಇತ್ತಂತೆ, ಇರಲಿಲ್ಲವಂತೆ. ನಮ್ಮ ಕಥೆಗಳಲ್ಲಿ 'ಒಬ್ಬ ರಾಜ ಇದ್ದನಂತೆ' ಎನ್ನುವಾಗ ಆ 'ಅಂತೆ'ಯು ಮಾಡುವ ಕೆಲಸವನ್ನು, ಎಂದರೆ ಹೇಳುವವನು ಕಣ್ಣಾರೆ ಕಂಡುದಲ್ಲವೆಂದು ಸೂಚಿಸುವ ಕೆಲಸವನ್ನು, ತುರ್ಕಿಯಲ್ಲಿ '-ಮಿಶ್' ಎಂಬ ಪ್ರತ್ಯಯವು ಮಾಡುತ್ತದೆ. ಈ ಪ್ರತ್ಯಯವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಪ್ರಸ್ತಾಪವು ಬರಲಿದೆ.

ಅರಾಂಜ್ಮಾನನ್ನು ಬರಿಯ ಅನುಕರಣೆಯೆಂದು ಕಡೆಗಣಿಸುವವರುಂಟು. ನಾವು ಹಾಗೆಣಿಸುವುದಿಲ್ಲ. 1928ರ ಲಿಪಿಬದಲಾವಣೆಯ ಮತ್ತು 1932ರಲ್ಲಿ ಸ್ಥಾಪಿತವಾದ ಭಾಷಾಸಂಸ್ಥೆಯ ತರುವಾಯ ತುರ್ಕಿಯ ಬರೆಹದ ಭಾಷೆಯು ವೇಗವಾಗಿ ಮಾರ್ಪಡುತ್ತಿದ್ದಾಗ, ಪ್ರೇಮಿಗಳು ತಮ್ಮೊಳಗೆ ಆಡುವ ಮಾತು ಯಾವುದಾಗಿರಬೇಕೆಂಬ ಪ್ರಶ್ನೆಯನ್ನು ಬಿಡಿಸಿದವರು ಪಂಡಿತರಲ್ಲ, ಈ ಗೀತರಚಕರು. ಅಚ್ಚತುರ್ಕಿಯ 'ಸೆವ್‌ಗಿ' ಎಂಬ ಪದವು ಅರಬ್ಬಿಯ 'ಆಶ್ಕ್' ಅನ್ನು ಹೊರದೂಡಬೇಕೆಂದು ಸುಧಾರಕರು ಬಯಸಿದ್ದಿರಬಹುದು. ಹಾಡುಗಾರರು ಎರಡನ್ನೂ ಇಟ್ಟುಕೊಂಡರು. ಒಂದಕ್ಕೆ ಬೆಚ್ಚನೆಯ ಮಮತೆಯನ್ನೂ ಇನ್ನೊಂದಕ್ಕೆ ಸುಡುವ ಮೋಹವನ್ನೂ ಹಂಚಿಕೊಟ್ಟರು. 'ಒಲವು' 'ಪ್ರೇಮ'ಗಳೆರಡೂ ನಮ್ಮಲ್ಲಿ ಜಗಳವಿಲ್ಲದೆ ಬಾಳುತ್ತಿರುವುದನ್ನು ಬಲ್ಲ ಕನ್ನಡಿಗರಿಗೆ ಇದು ಆಶ್ಚರ್ಯವನ್ನುಂಟುಮಾಡದು.

1964ರಲ್ಲಿ ಸ್ಥಾಪಿತವಾದ ಸರ್ಕಾರಿ ಪ್ರಸಾರ ನಿಗಮವು ಯಾವ ಹಾಡು ವಾಯುಮಾರ್ಗಕ್ಕೆ ಯೋಗ್ಯವೆಂದು ಪರೀಕ್ಷಿಸುವ ಮಂಡಳಿಗಳನ್ನು ಇಟ್ಟುಕೊಂಡಿತ್ತು. ಹಳ್ಳಿಗಳಿಂದ ಬಂದು ನಗರದ ಅಂಚಿನಲ್ಲಿ ರಾತ್ರೋರಾತ್ರಿ ಮನೆ ಕಟ್ಟಿಕೊಂಡ ಬಡಜನರ 'ಅರಾಬೆಸ್ಕ್' ಗೀತೆಗಳು ಆ ಪರೀಕ್ಷೆಯಲ್ಲಿ ಉತ್ತೀರ್ಣವಾಗಲಿಲ್ಲ. ಅವು ಕ್ಯಾಸೆಟ್ಟುಗಳಲ್ಲಿಯೂ ಬಾಡಿಗೆಯ ವ್ಯಾನುಗಳಲ್ಲಿಯೂ ಸಂಚರಿಸಿದವು. ಓರ್‌ಹಾನ್ ಗೆಂಜೆಬಾಯ್ ಅವರ ಹೆಸರನ್ನು ಇಲ್ಲಿ ಹೇಳದಿರುವಂತಿಲ್ಲ. 1990ರಲ್ಲಿ ಜರ್ಮನಿಯಿಂದ ಉಪಗ್ರಹದ ಮೂಲಕ ಖಾಸಗಿ ದೂರದರ್ಶನವೊಂದು ತುರ್ಕಿಗೆ ಪ್ರಸಾರವನ್ನಾರಂಭಿಸಿ ಸರ್ಕಾರದ ಏಕಸ್ವಾಮ್ಯಕ್ಕೆ ಮೊದಲ ಬಿರುಕನ್ನಿಟ್ಟಿತು. 1993ರಲ್ಲಿ ಖಾಸಗಿ ಬಾನುಲಿ ಕೇಂದ್ರಗಳನ್ನು ಮುಚ್ಚಿಸಿದಾಗ ಜನರು ತಮ್ಮ ಮೋಟಾರು ಕಾರುಗಳ ಮೇಲೆ ಕಪ್ಪು ಪಟ್ಟಿಯನ್ನು ಕಟ್ಟಿಕೊಂಡು ಓಡಾಡಿದರು. ಅದೇ ವರ್ಷ ಸಂವಿಧಾನದ ತಿದ್ದುಪಡಿಯಿಂದ ಏಕಸ್ವಾಮ್ಯವು ಅಳಿಯಿತು. ಮರುವರ್ಷ ಕಾಯಿದೆಯೂ ಬಂದಿತು. 1934ರಲ್ಲಿ ಕೈರೋ ಕಡೆಗೆ ತಿರುಗಿದ್ದ ಕಿವಿಯು ಅರುವತ್ತು ವರ್ಷಗಳ ಬಳಿಕ ಮನೆಗೆ ಮರಳಿತೆನ್ನಬಹುದು. ಹೊಸ ಕೇಂದ್ರಗಳಿಗೆ ದಿನವಿಡೀ ಹಾಡುಗಳು ಬೇಕಾದವು. ಆ ಹಸಿವಿನ ಕಾಲದಲ್ಲಿಯೇ ನಮ್ಮ ಗೀತೆಯು ಹುಟ್ಟಿತು.

ಸೆಝೆನ್ ಆಕ್ಸು 1954ರಲ್ಲಿ ದೆನಿಝ್ಲಿ ಪ್ರಾಂತದ ಸರಾಯ್‌ಕೋಯ್ ಎಂಬಲ್ಲಿ ಜನಿಸಿ, ಇಝ್ಮೀರ್ ನಗರದಲ್ಲಿ ಬೆಳೆದರು. 'ಪುಟ್ಟ ಗುಬ್ಬಚ್ಚಿ' ಎಂಬುದು ಜನರು ಅವರಿಗಿತ್ತ ಹೆಸರು. 1975ರಿಂದ ಹಾಡುತ್ತ ಬಂದ ಈಕೆ ಅರ್ಮೇನಿಯನ್ ಮೂಲದ ಸಂಗೀತಗಾರ ಓನ್ನೋ ತುಂಚ್ ಅವರೊಡನೆ ಕೂಡಿ ಪರರಾಗಗಳನ್ನು ಬೇಡದ, ಮಕಾಮಿನ ನೆರಳನ್ನೂ ಯೂರೋಪಿನ ಸ್ವರಮೇಳವನ್ನೂ ಒಟ್ಟಿಗೆ ಹಿಡಿದ ಗೀತಪದ್ಧತಿಯೊಂದನ್ನು ರೂಪಿಸಿದರು. 1996ರಲ್ಲಿ ತುಂಚ್ ವಿಮಾನಾಪಘಾತದಲ್ಲಿ ಮೃತರಾದರು. ತರ್ಕಾನ್ ಹುಟ್ಟಿದುದು 1972ರಲ್ಲಿ, ಪಶ್ಚಿಮ ಜರ್ಮನಿಯ ಆಲ್ಟ್ಸೈ ಎಂಬ ಊರಿನಲ್ಲಿ. ಕೂಲಿಗಾಗಿ ವಲಸೆ ಹೋದ ತುರ್ಕರ ಮಗನಾಗಿ. 1986ರಲ್ಲಿ ಆ ಕುಟುಂಬವು ಸ್ವದೇಶಕ್ಕೆ ಹಿಂದಿರುಗಿತು. ಗೀತೆಯನ್ನು ಬರೆದವಳು ಹೆಣ್ಣು, ಹಾಡಿದವನು ಗಂಡು ಎಂಬ ಸಂಗತಿಯು ಕ್ಷುಲ್ಲಕವಾದುದಲ್ಲ.

ಈಗ ನಾದವನ್ನು ನೋಡೋಣ. ಶಾಸ್ತ್ರೀಯ ಮಕಾಮ್ ಪದ್ಧತಿಯಲ್ಲಿ ಒಂದು ಪೂರ್ಣಸ್ವರದ ಅಂತರವನ್ನು ಒಂಬತ್ತು ಸೂಕ್ಷ್ಮಭಾಗಗಳಾಗಿ ವಿಭಾಗಿಸುತ್ತಾರೆ. ಪಿಯಾನೋದ ಮೆಟ್ಟಿಲುಗಳಲ್ಲಿ ಈ ಸೂಕ್ಷ್ಮಗಳಿಗೆ ಎಡೆಯಿಲ್ಲ. ಹಾರ್ಮೋನಿಯಮ್ಮಿನ ಮೇಲೆ ಗಮಕಗಳು ನಿಲ್ಲವೆಂದು ನಮ್ಮ ವಿದ್ವಾಂಸರು ಆಕ್ಷೇಪಿಸಿದುದನ್ನು ಇಲ್ಲಿ ಸ್ಮರಿಸಬಹುದು. ಜನಪ್ರಿಯ ಗೀತೆಯು ಪಿಯಾನೋದ ಮೆಟ್ಟಿಲುಗಳಿಗೆ ಒಗ್ಗುವ ಮಕಾಮ್‌ಗಳನ್ನು ಉಳಿಸಿಕೊಂಡು ಉಳಿದುವನ್ನು ಬಿಟ್ಟಿತು. ಹೀಗೆ ಕಳೆದುಕೊಂಡುದು ಬಹಳವೆಂಬುದನ್ನು ಅಲ್ಲಗಳೆಯಲಾಗದು. ಆದರೆ ಬಿಟ್ಟುದನ್ನು ಕಂಠವು ಬೇರೊಂದು ರೀತಿಯಲ್ಲಿ ತುಂಬಿಕೊಡುತ್ತದೆ: ಸ್ವರದಿಂದ ಸ್ವರಕ್ಕೆ ಜಾರುವಾಗ ತರ್ಕಾನರ ಧ್ವನಿಯು ಆ ಸೂಕ್ಷ್ಮಗಳನ್ನು ಮುಟ್ಟಿ ಹೋಗುತ್ತದೆ. ತಾಳವು ನೇರವಾದ ನಾಲ್ಕರ ನಡೆ. ಯಂತ್ರದಿಂದ ಹುಟ್ಟಿದ ಘಾತದ ಮೇಲೆ, ನಮ್ಮ ಘಟದಂತೆ ಬೆರಳುಗಳಿಂದ ನುಡಿಸುವ ದರ್ಬುಕಾದ 'ದುಮ್' 'ತೆಕ್' ಶಬ್ದಗಳು ಕುಣಿಯುತ್ತವೆ. ಪಿಟೀಲುಗಳ ಸಮೂಹವು ಸ್ವರಮೇಳವನ್ನು ಹೆಣೆಯದೆ ಎಲ್ಲವೂ ಕೂಡಿ ಒಂದೇ ರಾಗವನ್ನು ನುಡಿಸುತ್ತದೆ. ಇದು ಕೈರೋ ಚಿತ್ರಗಳ ವಾದ್ಯವೃಂದದಿಂದ ಅರಾಬೆಸ್ಕಿಗೂ ಅರಾಬೆಸ್ಕಿನಿಂದ ಇಲ್ಲಿಗೂ ಬಂದ ಪದ್ಧತಿ. ಸರ್ಕಾರವು ಬಾಗಿಲಲ್ಲಿ ತಡೆದು ನಿಲ್ಲಿಸಿದ್ದ ನಾದವೇ ಹೊಸ ಉಡುಪು ತೊಟ್ಟು ಒಳಗೆ ಕುಳಿತಿದೆ.

ನುಡಿಯ ವಿಚಾರದಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಶಾಸನವೊಂದನ್ನು ಓದುವಾಗ ನಾವು ಪ್ರಶಸ್ತಿಭಾಗದಲ್ಲಿ ಉತ್ಪ್ರೇಕ್ಷೆಯನ್ನೂ ದಾನಭಾಗದಲ್ಲಿ ಭೂಮಿ, ಎಲ್ಲೆ, ಸುಂಕಗಳ ವಾಸ್ತವವನ್ನೂ ನಿರೀಕ್ಷಿಸುವೆವಷ್ಟೆ. ಈ ಗೀತೆಗೂ ಅದೇ ಕ್ರಮವು ಸಲ್ಲುತ್ತದೆ. ಪಲ್ಲವಿಯು ಪ್ರಶಸ್ತಿ, ಚರಣಗಳು ದಾನಪತ್ರ. ಕೇಳುವವರೆಲ್ಲರೂ ಪಲ್ಲವಿಯನ್ನು ಕಂಠಪಾಠ ಮಾಡಿಕೊಂಡರು. ಚರಣಗಳಲ್ಲಿ ಇರುವುದನ್ನು ಗಮನಿಸಿದವರು ಕಡಮೆ.

ಚರಣಗಳ ಸಂದರ್ಭವಿದು. ಒಬ್ಬ ಗಂಡಸು ತಾನು ಮೆಚ್ಚಿದವಳನ್ನು ಬೀದಿಯಲ್ಲಿ ಕಾಣುತ್ತಾನೆ. ಅವಳು ಬೇರೊಬ್ಬನ ತೋಳು ಹಿಡಿದು ನಡೆದಿದ್ದಾಳೆ. ಬಾಯಲ್ಲಿ ಅಗಿಯುವ ಅಂಟನ್ನು ಉಬ್ಬಿಸಿ ಉಬ್ಬಿಸಿ ಒಡೆಯುತ್ತಿದ್ದಾಳೆ. ಕಣ್ಣಿಗೆ ಕಾಡಿಗೆ, ತುಟಿಗೆ ಕಡುಗೆಂಪು. ಇವನ ಎದುರಿಗೇ ನಿಂತು ಬೇಕೆಂದೇ ಹಲ್ಲು ಕಿರಿಯುತ್ತಾಳೆ. ಇವನಿಗೆ ಎದೆ ಬಿರಿಯುತ್ತದೆ. ನಾನು ನಿನ್ನ ಒಡೆಯನಾಗಲಾರದೆ ಹೋದೆನಲ್ಲ, ಇದು ಗಂಡಸುತನಕ್ಕೆ ತಕ್ಕುದೆ, ಲೋಕವೇ ಬದಲಾಯಿತೆ ಎಂದು ಹಲುಬುತ್ತಾನೆ. ನಮ್ಮಪ್ಪಂದಿರ ಕಾಲದಲ್ಲಿ ಹೀಗಿತ್ತೆ ಎಂದು ಗೆಳೆಯರ ಮುಂದೆ ಗೋಳಿಡುತ್ತಾನೆ. ಬಹುಶಃ ಇದಕ್ಕಾಗಿಯೇ ಇವಳಿಗೆ ಮನಸೋತೆನೋ ಎಂದು ಒಪ್ಪಿಕೊಂಡೂ ಬಿಡುತ್ತಾನೆ. ಗೀತೆಯ ಪ್ರಾಣವಿರುವುದು ಈ ಕೊನೆಯ ಮಾತಿನಲ್ಲಿ.

ತುರ್ಕಿ ಭಾಷೆಯಲ್ಲಿ ಲಿಂಗಭೇದವಿಲ್ಲ. ಅವನು, ಅವಳು, ಅದು ಎಂಬ ಮೂರಕ್ಕೂ 'ಓ' ಎಂಬ ಒಂದೇ ಸರ್ವನಾಮ, ಕ್ರಿಯಾಪದವೂ ಒಂದೇ. 'ಬಂದನು' 'ಬಂದಳು' ಎಂದು ಪ್ರತಿ ವಾಕ್ಯದಲ್ಲಿಯೂ ನಿರ್ಣಯಿಸಲೇಬೇಕಾದ ಕನ್ನಡದ ಕವಿಗೆ ಈ ಸ್ವಾತಂತ್ರ್ಯವಿಲ್ಲ. ಹಾಡಿನಲ್ಲಿರುವವಳು ಹೆಣ್ಣೆಂದು ತಿಳಿಯುವುದು ಕಾಡಿಗೆಯಿಂದ, ತುಟಿಯ ಬಣ್ಣದಿಂದ, ಗಂಡಸಿನ ಗೋಳಿನಿಂದ, ವ್ಯಾಕರಣದಿಂದಲ್ಲ. ಪ್ರತ್ಯಯಗಳನ್ನು ಒಂದರ ಹಿಂದೊಂದು ಜೋಡಿಸಿಕೊಂಡು ಹೋಗುವುದರಲ್ಲಿ ಮಾತ್ರ ಎರಡು ಭಾಷೆಗಳೂ ಸಮಾನಧರ್ಮಿಗಳು. ಒಲೆಗೆ 'ಓಜಾಕ್', ಮಡಿಲಿಗೆ 'ಕುಜಾಕ್', ಬಿಸುಪಿಗೆ 'ಸಿಜಾಕ್' ಎಂದು ಹೆಸರು; ಈ ಮೂರಕ್ಕೂ ಒಂದೇ ಪ್ರತ್ಯಯವು ಹತ್ತಿದೊಡನೆ ಪ್ರಾಸವು ತಾನಾಗಿ ಕೂಡಿಕೊಳ್ಳುತ್ತದೆ. ಪಲ್ಲವಿಯು ಈ ಮೂರು ಪದಗಳನ್ನು ಸಾಲಾಗಿ ಪೋಣಿಸಿದೆ. ಒಬ್ಬರ ಒಲೆಗೆ ಬಂದು ಬೀಳುವುದೆಂದರೆ ತುರ್ಕಿಯ ವಾಗ್ರೂಢಿಯಲ್ಲಿ ಅವರಲ್ಲಿ ಶರಣುಹೊಗುವುದು ಎಂದರ್ಥ. ಶರಣಾಗತಿಯ ಗಂಭೀರ ಮಾತಿನಿಂದ ಹೊರಟು ಎರಡೇ ಹೆಜ್ಜೆಗಳಲ್ಲಿ ಹಾಡು ಮಡಿಲನ್ನು ಸೇರಿ ಬೆಚ್ಚಗಾಗುತ್ತದೆ. ಅವಳ ತುಟಿಯ ಕೆಂಪನ್ನು ಹೇಳುವ ಪದವೂ ಕುತೂಹಲಕರವಾದುದು. ನಾವು ನಟ್ಟನಡುವೆ, ತುತ್ತತುದಿ, ಬಟ್ಟಬಯಲು ಎಂದು ಪದದ ಮೊದಲ ತುಂಡನ್ನು ಮುಂದಿಟ್ಟು ಅತಿಶಯವನ್ನು ಸಾಧಿಸುವಂತೆಯೇ ತುರ್ಕರು ಬಣ್ಣಗಳ ಹೆಸರುಗಳಿಗೆ ಮಾಡುತ್ತಾರೆ.

ಮೇಲೆ ಹೇಳಿದ '-ಮಿಶ್' ಪ್ರತ್ಯಯವು ಇಲ್ಲಿ ಮತ್ತೆ ಬರುತ್ತದೆ, ಆದರೆ ಬೇರೆಯ ಮುಖದಿಂದ. ಕೇಳಿ ತಿಳಿದುದಕ್ಕೆ ಬಳಸುವ ಈ ಪ್ರತ್ಯಯವನ್ನೇ, ಕಣ್ಣೆದುರಿಗೆ ಅನಿರೀಕ್ಷಿತವಾಗಿ ಕಂಡು ಬೆರಗಾದುದಕ್ಕೂ ತುರ್ಕಿಯಲ್ಲಿ ಬಳಸುತ್ತಾರೆ. ನಮ್ಮ ಆಡುಮಾತಿನ 'ಬಂದುಬಿಟ್ಟಿದೆಯಲ್ಲ' ಎಂಬುದರ ಧಾಟಿ ಇದು. ಹಾಡಿನ ಮೊದಲ ಪದವೇ ಈ ಪ್ರತ್ಯಯವನ್ನು ಹೊತ್ತಿದೆ. ಎಂದರೆ ಬಾಯ್ದೆರೆದ ಕ್ಷಣದಲ್ಲಿಯೇ ಈ ಗಂಡಸು ತನಗೆ ತಿಳಿಯದೆ ಜಗತ್ತು ಮುಂದೆ ಸಾಗಿತೆಂದು ಕಂಡವನು. 1961ರಲ್ಲಿ ಅಜ್ಜಿಕಥೆಯ ಹಗುರವನ್ನು ತಂದ ವ್ಯಾಕರಣರೂಪವು 1997ರಲ್ಲಿ ಬೆಚ್ಚಿಬಿದ್ದವನ ವ್ಯಾಕರಣವಾಯಿತು.

ಗಾದೆಗಳನ್ನು ಪರಿಶೀಲಿಸಿದರೆ ಹಾಡಿನ ಬಗೆಯು ಇನ್ನಷ್ಟು ವಿಶದವಾಗುವುದು. ಹಳೆಯ ಹಳ್ಳಿಗೆ ಹೊಸ ಸಂಪ್ರದಾಯ ಬಂದಿತೆಂಬ ಗೊಣಗಾಟ. ಸಿಹಿಮಾತು ಬಿಲದೊಳಗಿನ ಹಾವನ್ನೂ ಹೊರಗೆ ತರುವುದೆಂಬ ನಾಣ್ನುಡಿಯ ನೆನಪು. 'ಕುಚ್ಚಿನ ಪೀಡೆ' ಎಂಬ ಬೈಗುಳ: ಇವೆಲ್ಲವೂ ಇವನ ಬಾಯಲ್ಲಿವೆ. ಕುಚ್ಚು ಎಲ್ಲಿಂದ ಬಂದಿತು? 1829ರಲ್ಲಿ ಎರಡನೆಯ ಮಹಮೂದ್ ಸುಲ್ತಾನನು ಅಧಿಕಾರಿಗಳಿಗೆ ಫೆಝ್ ಟೋಪಿಯನ್ನು ಕಡ್ಡಾಯಗೊಳಿಸಿದಾಗ ಅದರ ಉದ್ದನೆಯ ಕುಚ್ಚು ಗಾಳಿಗೂ ಮಳೆಗೂ ಸಿಕ್ಕುಸಿಕ್ಕಾಗಿ ಜನರನ್ನು ಕಾಡಿತೆಂದೂ, ಅದರಿಂದ ಈ ಬೈಗುಳವು ಹುಟ್ಟಿತೆಂದೂ ಲೋಕರೂಢಿಯ ವಿವರಣೆ. ಆ ಟೋಪಿಯನ್ನು 1925ರ ಕಾಯಿದೆಯು ನಿಷೇಧಿಸಿತು. ತಲೆಯ ಮೇಲಿನಿಂದ ಕಿತ್ತುಹಾಕಿದ ಕುಚ್ಚು ನಾಲಗೆಯ ಮೇಲೆ ಉಳಿದು, ಎಪ್ಪತ್ತು ವರ್ಷಗಳ ಮೇಲೆ, ಬೀದಿಯ ಹೆಣ್ಣೊಬ್ಬಳಿಗೆ ಹೆಸರಾಯಿತು. ಅಗಿಯುವ ಅಂಟಿನ ಕಥೆಯೂ ಹೀಗೆಯೇ. ಅಂಟನ್ನು ಉಬ್ಬಿಸಿ ಒಡೆಯುವ ಹುಡುಗಿಯನ್ನು ಕಂಡು ಅಮೆರಿಕದ ಚಾಳಿಯೆಂದು ಯಾರಾದರೂ ತಿಳಿಯಬಹುದು. ಆದರೆ ಅಂಟಿಗೆ ತುರ್ಕಿಯಲ್ಲಿ 'ಸಾಕಿಝ್' ಎಂದು ಹೆಸರು. 1566ರಿಂದ 1912ರ ವರೆಗೆ ಆಟೋಮನರ ಅಧೀನದಲ್ಲಿದ್ದ ಖಿಯೋಸ್ ದ್ವೀಪವನ್ನೂ ಅವರು ಅದೇ ಹೆಸರಿನಿಂದ ಕರೆಯುತ್ತಾರೆ. ಅಲ್ಲಿನ ಮರಗಳ ಸುಗಂಧದ ಅಂಟನ್ನು ಸುಲ್ತಾನರ ಅಂತಃಪುರದ ಸ್ತ್ರೀಯರು ಅಗಿಯುತ್ತಿದ್ದರು. ಹೊಸತೆಂದು ಇವನು ಬೆಚ್ಚಿದುದು ಇವನ ಮುತ್ತಜ್ಜಿಯರ ಅಭ್ಯಾಸವಾಗಿತ್ತು. ಅವರು ಅದನ್ನು ಬೀದಿಯಲ್ಲಿ ಮಾಡುತ್ತಿರಲಿಲ್ಲವೆಂಬುದೇ ವ್ಯತ್ಯಾಸ.

ಗೀತೆಯಲ್ಲಿ 'ಒಡೆಯ' ಎಂಬರ್ಥಕ್ಕೆ ಬಂದಿರುವ ಪದವು 'ಸಾಹಿಪ್'. ಅರಬ್ಬಿಯಲ್ಲಿ 'ಸಂಗಡಿಗ' ಎಂಬ ಅರ್ಥವಿದ್ದ ಈ ಶಬ್ದವು ತುರ್ಕಿಯಲ್ಲಿ 'ಸ್ವತ್ತಿನ ಮಾಲೀಕ'ನಾಯಿತು. ನಮ್ಮ ಕಚೇರಿಗಳಲ್ಲಿ 'ಸಾಹೇಬ'ನಾಯಿತು. ಸಂಗಡಿಗನು ಹೋಗಿ ಮಾಲೀಕನು ಬಂದ ಈ ಪದವನ್ನು ಆರಿಸಿಕೊಂಡುದು ಕಾಕತಾಳೀಯವಿರಲಾರದು. 1926ರ ತುರ್ಕಿಯ ಪೌರಸಂಹಿತೆಯು ಸ್ವಿಟ್ಜರ್‌ಲೆಂಡಿನ ಮಾದರಿಯಲ್ಲಿ ರಚಿತವಾಗಿ ಬಹುಪತ್ನೀತ್ವವನ್ನು ತೊಡೆದುಹಾಕಿತು. ಆದರೆ ಗಂಡನೇ ಕುಟುಂಬದ ಯಜಮಾನನೆಂಬ ವಿಧಿಯನ್ನೂ, ಹೆಂಡತಿಯು ಕೆಲಸಕ್ಕೆ ಹೋಗಲು ಗಂಡನ ಅನುಮತಿ ಬೇಕೆಂಬ ವಿಧಿಯನ್ನೂ ಇಟ್ಟುಕೊಂಡಿತು. ಅನುಮತಿಯ ವಿಧಿಯನ್ನು ಸಂವಿಧಾನ ನ್ಯಾಯಾಲಯವು 1990ರಲ್ಲಿ ರದ್ದುಗೊಳಿಸಿತು. ವ್ಯಭಿಚಾರವನ್ನು ಅಪರಾಧವೆಂದೆಣಿಸುವ ವಿಧಿಗಳಲ್ಲಿ ಗಂಡಸಿಗೆ ಸಂಬಂಧಿಸಿದುದು 1996ರಲ್ಲಿಯೂ, ಹೆಂಗಸಿಗೆ ಸಂಬಂಧಿಸಿದುದು 1998ರಲ್ಲಿಯೂ ಬಿದ್ದುಹೋದವು. ಹೆಂಗಸು ತನ್ನ ಹುಟ್ಟುಮನೆಯ ಹೆಸರನ್ನು ಗಂಡನ ಮನೆತನದ ಹೆಸರಿನೊಡನೆ ಇ‌ಟ್ಟುಕೊಳ್ಳಬಹುದೆಂದು 1997ರಲ್ಲಿ ತಿದ್ದುಪಡಿಯಾಯಿತು. ಗಂಡನ ಯಜಮಾನಿಕೆಯನ್ನೇ ಕೈಬಿಟ್ಟ ಹೊಸ ಸಂಹಿತೆಯು 2002ರ ಜನವರಿ 1ರಂದು ಜಾರಿಗೆ ಬಂದಿತು. ಗೀತೆಯ ನಾಯಕನು ಗಂಡನೂ ಅಲ್ಲ, ಆಗಬೇಕೆಂದಿದ್ದವನು. ನ್ಯಾಯಾಲಯದ ತೀರ್ಪುಗಳು ಒಂದೊಂದಾಗಿ ಬರುತ್ತಿದ್ದ ದಿನಗಳಲ್ಲಿ, ಒಡೆತನವು ಕೈಜಾರಿತೆಂದು ಅವನು ಹಾಡಿ ಅಳುವುದನ್ನು ದೇಶಕ್ಕೆ ದೇಶವೇ ನಗುತ್ತ ಕೇಳಿತು. ಹಾಡು ಕಾಯಿದೆಯನ್ನು ತಂದಿತೆಂದು ನಾವು ಹೇಳುವುದಿಲ್ಲ. ಕಾಯಿದೆ ಬರುವ ಮೊದಲೇ ಯಜಮಾನನು ನಗೆಪಾಟಲಾಗಿದ್ದನೆಂಬುದಕ್ಕೆ ಹಾಡು ಸಾಕ್ಷಿಯಾಗಿದೆ.

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯುಂಟು. ಹಾಡು ಈ ಗಂಡಸನ್ನು ನಿಜವಾಗಿ ಗೇಲಿಮಾಡುತ್ತಿದೆಯೆ, ಅಥವಾ ಗೇಲಿಯ ಮರೆಯಲ್ಲಿ ಅವನ ಪರವಾಗಿಯೇ ನಿಂತಿದೆಯೆ? ಪಲ್ಲವಿಯಲ್ಲಿ ಅವನು ಕೈಗೆ ಸಿಕ್ಕರೆ ಎಂದು ಗದರಿಸುತ್ತಾನೆ. ಪಕ್ಷಾರ್ಥಕ ರೂಪದ ಈ ಪದವು ಒಂದು ಪ್ರಧಾನವಾಕ್ಯವನ್ನು ಬೇಡುತ್ತದೆ. 'ಸಿಕ್ಕರೆ' ಎಂದು ನಿಲ್ಲಿಸಿದ ಗದರಿಕೆಯ ಮುಂದೆ ಏನಿರುವುದೆಂಬುದನ್ನು ನಮ್ಮ ಮನೆಗಳಲ್ಲಿಯೂ ಬಲ್ಲರು. ತುರ್ಕಿಯಲ್ಲಿ ಮನೆಯೊಳಗಿನ ಹಿಂಸೆಯ ವಿರುದ್ಧ ಮೊದಲ ವಿಶೇಷ ಕಾಯಿದೆಯು ಬಂದುದು ಈ ಹಾಡಿನ ಮರುವರ್ಷ, 1998ರಲ್ಲಿ. ಆದ್ದರಿಂದ ಈ ಗದರಿಕೆಯನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಪ್ರಧಾನವಾಕ್ಯವು ಬರಬೇಕಾದ ಕಡೆಯಲ್ಲಿ ಮಾತೇ ಇಲ್ಲ, ಎರಡು ಮುತ್ತುಗಳಿವೆ. ಏಟನ್ನು ನಿರೀಕ್ಷಿಸಿದ ಕಿವಿಗೆ ಮುತ್ತು ಕೇಳಿಸುತ್ತದೆ. ಗದರಿಸಿದವನು ಮರುಕ್ಷಣವೇ ಅವಳ ಒಲೆಯ ಮುಂದೆ ಶರಣುಬೀಳುತ್ತಾನೆ. ಆಟೋಮನ್ ಕಾಲದ ಕೊನೆಯ ದಶಕಗಳಲ್ಲಿ ಇಸ್ತಾಂಬುಲ್ಲಿನ ನಾಟಕಶಾಲೆಗಳಲ್ಲಿ ಪೆರೂಝ್, ಶಮ್ರಾಮ್ ಮೊದಲಾದ ಅರ್ಮೇನಿಯನ್ ನಟಿಯರು ಹಾಡುತ್ತಿದ್ದ 'ಕಾಂತೋ' ಎಂಬ ವಿನೋದಗೀತೆಗಳ ಚೇಷ್ಟೆಯೇ ಇಲ್ಲಿ ಮರಳಿ ಬಂದಿದೆಯೆಂದು ನಮಗೆ ತೋರುತ್ತದೆ. ಗಂಡಸಿನ ವೇಷವನ್ನು ಹಾಕಿಕೊಂಡು ಗಂಡಸನ್ನು ಅಣಕಿಸುವವಳು ಈ ಸಲ ರಂಗದ ಮೇಲೆ ಇಲ್ಲ. ಲೇಖನಿ ಹಿಡಿದು ತೆರೆಯ ಹಿಂದಿದ್ದಾಳೆ. ಅಣಕವೆಂದೇ ನಮ್ಮ ಮತ, ಅಣಕದಲ್ಲಿ ಕರುಣೆಯೂ ಬೆರೆತಿದೆಯೆಂಬುದನ್ನು ಒಪ್ಪಿಕೊಂಡು.

ಮುಂದಿನ ವೃತ್ತಾಂತವನ್ನು ಸಂಕ್ಷೇಪವಾಗಿ ಹೇಳಬಹುದು. 2001ರಲ್ಲಿ ಅಮೆರಿಕದ ಸ್ಟೆಲ್ಲಾ ಸೋಲೇ, 2002ರಲ್ಲಿ ಆಸ್ಟ್ರೇಲಿಯದ ನಟಿ ಹಾಲಿ ವ್ಯಾಲೆನ್ಸ್ ಇದನ್ನು 'ಕಿಸ್ ಕಿಸ್' ಎಂಬ ಹೆಸರಿನಿಂದ ಇಂಗ್ಲಿಷಿನಲ್ಲಿ ಹಾಡಿದರು. ಎರಡನೆಯದು ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಹಾಡುವವಳು ಹೆಣ್ಣಾದಳು. ಅಪ್ಪಂದಿರ ಕಾಲ, ಹಳೆಯ ಹಳ್ಳಿ, ಕುಚ್ಚು, ಒಲೆ, ಒಡೆತನ ಎಲ್ಲವೂ ಹೋದವು. ಶೀರ್ಷಿಕೆಯೂ ಸೇರಿದಂತೆ ಉಳಿದುದು ಮುತ್ತಿನ ಸದ್ದು ಮತ್ತು ರಾಗ. 1961ರಲ್ಲಿ ಪರರ ರಾಗವನ್ನು ತಂದು ತುರ್ಕಿಯ ಮಾತನ್ನು ಕೂರಿಸಿದ್ದರು. ನಾಲ್ವತ್ತು ವರ್ಷಗಳ ತರುವಾಯ ಪರರು ತುರ್ಕಿಯ ರಾಗವನ್ನು ಕೊಂಡೊಯ್ದು ತಮ್ಮ ಮಾತನ್ನು ಕೂರಿಸಿದರು. ಅರಾಂಜ್ಮಾನಿನ ವ್ಯಾಪಾರವು ತಿರುಗುಮುರುಗಾಯಿತು. ತುರ್ಕರು ಇದನ್ನು ಗೆಲವೆಂದು ಸಂಭ್ರಮಿಸಿದುದರಲ್ಲಿ ತಪ್ಪಿಲ್ಲ. ಆದರೆ ಲೆಕ್ಕವು ಸರಿಹೋಗುವುದಿಲ್ಲವೆಂದು ನಮ್ಮ ಎಣಿಕೆ. ಎಬ್ಜಿಯೋಲು ಅವರು ಫ್ರೆಂಚ್ ಹಾಡಿನ ಮಾತನ್ನು ಬಿಟ್ಟಾಗ ಅದರ ಬದಲಿಗೆ ಅಜ್ಜಿಕಥೆಯನ್ನು, ಎಂದರೆ ತನ್ನದೊಂದು ಲೋಕವನ್ನು, ಇಟ್ಟರು. 'ಶಿಮಾರಿಕ್'ನ ಮಾತನ್ನು ಬಿಟ್ಟವರು ಅದರ ಬದಲಿಗೆ ಯಾವ ಊರನ್ನೂ ಇಡಲಿಲ್ಲ. 1975ರಲ್ಲಿ ಯೂರೋವಿಷನ್ ಗೀತಸ್ಪರ್ಧೆಗೆ ಮೊದಲ ಸಲ ಹೋಗಿ ತುರ್ಕಿ ಭಾಷೆಯಲ್ಲಿ ಹಾಡಿ ಕೊನೆಯ ಸ್ಥಾನವನ್ನು ಪಡೆದ ಆ ದೇಶವು 2003ರಲ್ಲಿ ರೀಗಾ ನಗರದಲ್ಲಿ ಸೆರ್ತಾಬ್ ಎರೆನೆರ್ ಅವರ ಮೂಲಕ ಮೊದಲ ಸ್ಥಾನವನ್ನು ಗೆದ್ದುದು, ದರ್ಬುಕಾದ ನಡೆಗೆ ಇಂಗ್ಲಿಷ್ ಮಾತನ್ನು ಜೋಡಿಸಿ. ಎರೆನೆರ್ ಸಹ ಸೆಝೆನ್ ಆಕ್ಸು ಅವರ ಗರಡಿಯಲ್ಲಿ ಪಳಗಿದವರು.

ಸೆಝೆನ್ ಆಕ್ಸು ಅವರ 2017ರ ಒಂದು ಹಾಡಿನಲ್ಲಿ ಆದಮ್ ಹವ್ವಾರನ್ನು ಕುರಿತು ಬಂದ ಮಾತು ಧರ್ಮನಿಂದೆಯೆಂದು 2022ರ ಜನವರಿಯಲ್ಲಿ ದೊಡ್ಡ ಗದ್ದಲವೆದ್ದಿತು. ಅವರು ಪ್ರತ್ಯುತ್ತರವಾಗಿ 'ಆವ್‌ಜಿ', ಎಂದರೆ 'ಬೇಟೆಗಾರ', ಎಂಬ ಹೊಸ ರಚನೆಯನ್ನು ಬರೆದು ಪ್ರಕಟಿಸಿದರು. ಅದನ್ನು ಕೆಲವೇ ದಿನಗಳಲ್ಲಿ ಓದುಗರು ಹಲವು ಭಾಷೆಗಳಿಗೆ ಅನುವಾದಿಸಿಕೊಂಡರು. ಪ್ರಕಟಿಸಿದಾಗ ಅದಕ್ಕೆ ರಾಗವಿರಲಿಲ್ಲ.